ಸೂತ್ರ ಒಂದೇ, ವಸ್ತು ಬೇರೆ ಬೇರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಸಾವಯವ ರಸಾಯನಶಾಸ್ತ್ರದ ಒಂದೇ ತೊಡಕನ್ನು ಕೇಳಿವೆ. ಅಣುಸೂತ್ರ ಕೊಟ್ಟರೆ ಸಮಾಂಗಿಗಳನ್ನು (ಅದೇ ಅಣುಸೂತ್ರದ ಬೇರೆ ಬೇರೆ ವಸ್ತುಗಳನ್ನು) ಹೇಗೆ ಬರೆಯುವುದು? ಎಲ್ಲವೂ ಬಂದವು ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ? ಪ್ರಯೋಗಾಲಯದಲ್ಲಿ ಅವನ್ನು ಬೇರ್ಪಡಿಸಿ ಗುರುತಿಸುವುದು ಹೇಗೆ? ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಸಿ₅ಎಚ್₁₂ಕ್ಕ ನಾನು ಐದು ರಚನೆ ಬರದೀನಿ. ಪುಸ್ತಕದಾಗ ಮೂರೇ ಅದಾವ. ನನ್ನ ಐದರಾಗ ಯಾವ ಎರಡು ತಪ್ಪು, ಯಾಕ ತಪ್ಪು? ಚಿತ್ರ ಜೋಡಿಸೀನಿ.
— ಪಿಯುಸಿ ವಿದ್ಯಾರ್ಥಿನಿ, ಶಹಾಪುರ

ನೀವು ಬರೆದ ಐದೂ ಚಿತ್ರಗಳಲ್ಲಿ ಕಾರ್ಬನ್, ಹೈಡ್ರೋಜನ್ ಲೆಕ್ಕ ಸರಿಯಾಗಿದೆ. ಎರಡು ಚಿತ್ರಗಳು ತಪ್ಪೇನಲ್ಲ, ಪುನರಾವರ್ತನೆ ಅಷ್ಟೆ. ಒಂದನೆಯದರಲ್ಲಿ ಐದು ಕಾರ್ಬನ್ನುಗಳನ್ನು ನೇರ ಸಾಲಿನಲ್ಲಿ ಬರೆದಿದ್ದೀರಿ. ಎರಡನೆಯದರಲ್ಲಿ ಅದೇ ಸಾಲಿನ ಕೊನೆಯ ಕಾರ್ಬನ್ನನ್ನು ಕೆಳಕ್ಕೆ ಮಡಚಿದ್ದೀರಿ. ಏಕಬಂಧದ ಸುತ್ತ ಪರಮಾಣುಗಳು ಸದಾ ತಿರುಗುತ್ತಿರುತ್ತವೆ; ನಿಜವಾದ ಅಣುವಿನಲ್ಲಿ ಬಂಧಗಳ ನಡುವಿನ ಕೋನ ಸುಮಾರು 109.5 ಡಿಗ್ರಿ. ಹಾಗಾಗಿ ಕಾಗದದ ಮೇಲಿನ ತಿರುವಿಗೆ ಬೆಲೆಯಿಲ್ಲ. ಯಾವ ಕಾರ್ಬನ್ ಯಾವುದಕ್ಕೆ ಅಂಟಿದೆ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. ಮೂರನೆಯ ಮತ್ತು ನಾಲ್ಕನೆಯ ಚಿತ್ರಗಳಲ್ಲಿ ನಾಲ್ಕು ಕಾರ್ಬನ್ನಿನ ಸರಪಳಿಗೆ ಒಂದು ಮೀಥೈಲ್ (ಒಂದು ಕಾರ್ಬನ್ನಿನ ಶಾಖೆ) ಹಚ್ಚಿದ್ದೀರಿ. ಒಂದರಲ್ಲಿ ಅದು ಎಡದಿಂದ ಎರಡನೆಯ ಕಾರ್ಬನ್ ಮೇಲಿದೆ, ಇನ್ನೊಂದರಲ್ಲಿ ಬಲದಿಂದ ಎರಡನೆಯದರ ಮೇಲಿದೆ. ಹಾಳೆಯನ್ನು ತಿರುಗಿಸಿ ಹಿಡಿದರೆ ಎರಡೂ ಒಂದೇ. ಉಳಿಯುವುದು ಮೂರು: ಪೆಂಟೇನ್, 2-ಮೀಥೈಲ್‌ಬ್ಯುಟೇನ್, 2,2-ಡೈಮೀಥೈಲ್‌ಪ್ರೊಪೇನ್. ಇವು ಮೂರೂ ನಿಜವಾಗಿಯೇ ಬೇರೆ ವಸ್ತುಗಳು. ಕುದಿಬಿಂದು ಕ್ರಮವಾಗಿ 36.1, 27.8 ಮತ್ತು 9.5 ಡಿಗ್ರಿ ಸೆಲ್ಸಿಯಸ್.

ಇಂಥ ಪುನರಾವರ್ತನೆ ಹಿಡಿಯಲು ನಾವು ನೆಚ್ಚುವ ಉಪಾಯ ಒಂದೇ: ಬರೆದ ಪ್ರತಿ ರಚನೆಗೂ ಐಯುಪಿಎಸಿ (ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ) ನಿಯಮದ ಹೆಸರು ಕೊಡಿ. ಅತಿ ಉದ್ದದ ಸರಪಳಿಯನ್ನು ಬೆರಳಿಟ್ಟು ಹುಡುಕಿ, ಅದು ಮಡಚಿಕೊಂಡಿದ್ದರೂ ಸರಿ. ಶಾಖೆಗೆ ಹತ್ತಿರದ ತುದಿಯಿಂದ ಎಣಿಸಿ. ಹೆಸರು ಒಂದೇ ಬಂದರೆ ವಸ್ತುವೂ ಒಂದೇ. ನಿಮ್ಮ ನಾಲ್ಕನೆಯ ಚಿತ್ರಕ್ಕೆ ನೀವು ‘3-ಮೀಥೈಲ್‌ಬ್ಯುಟೇನ್’ ಎಂದು ಬರೆದಿದ್ದೀರಿ. ಇನ್ನೊಂದು ತುದಿಯಿಂದ ಎಣಿಸಿದ್ದರೆ 2 ಬರುತ್ತಿತ್ತು, ಗುಟ್ಟು ಅಲ್ಲೇ ಬಯಲಾಗುತ್ತಿತ್ತು. ಹೆಸರಿನಲ್ಲಿ ‘1-ಮೀಥೈಲ್’ ಬಂದರೆ ಅದು ಶಾಖೆಯಲ್ಲ, ಸರಪಳಿಯೇ ಒಂದು ಕಾರ್ಬನ್ ಉದ್ದವಾಗಿದೆ. ‘2-ಈಥೈಲ್’ ಬಂದರೆ ಅತಿ ಉದ್ದದ ಸರಪಳಿ ಹುಡುಕಲು ನೀವು ಮರೆತಿದ್ದೀರಿ.

ಇನ್ನು ಬಿಟ್ಟುಹೋಗದಂತೆ ಬರೆಯುವ ಕ್ರಮ. ಸಿ₆ಎಚ್₁₄ ತೆಗೆದುಕೊಳ್ಳೋಣ. ಮೊದಲು ಹೈಡ್ರೋಜನ್ನುಗಳನ್ನು ಪೂರ್ತಿ ಮರೆತು ಕಾರ್ಬನ್ ಅಸ್ಥಿಪಂಜರ ಮಾತ್ರ ಬರೆಯಿರಿ. ಆರು ಕಾರ್ಬನ್ನಿನ ನೇರ ಸರಪಳಿ: ಹೆಕ್ಸೇನ್. ಒಂದು ಕಾರ್ಬನ್ ಕಳಚಿ ಐದರ ಸರಪಳಿ ಮಾಡಿ. ಕಳಚಿದ್ದನ್ನು ತುದಿಗೆ ಹಚ್ಚಿದರೆ ಮತ್ತೆ ಹೆಕ್ಸೇನೇ ಆಗುತ್ತದೆ. ಎರಡನೆಯದಕ್ಕೆ ಹಚ್ಚಿದರೆ 2-ಮೀಥೈಲ್‌ಪೆಂಟೇನ್, ಮೂರನೆಯದಕ್ಕೆ 3-ಮೀಥೈಲ್‌ಪೆಂಟೇನ್. ನಾಲ್ಕನೆಯದು ಎರಡನೆಯದಕ್ಕೆ ಸಮ. ಈಗ ನಾಲ್ಕರ ಸರಪಳಿ, ಕೈಯಲ್ಲಿ ಎರಡು ಕಾರ್ಬನ್. ಎರಡನ್ನೂ ಎರಡನೆಯದಕ್ಕೇ ಹಚ್ಚಿದರೆ 2,2-ಡೈಮೀಥೈಲ್‌ಬ್ಯುಟೇನ್. ಎರಡಕ್ಕೊಂದು ಮೂರಕ್ಕೊಂದು ಹಚ್ಚಿದರೆ 2,3-ಡೈಮೀಥೈಲ್‌ಬ್ಯುಟೇನ್. ಎರಡನ್ನೂ ಕೂಡಿಸಿ ಈಥೈಲ್ ಮಾಡಿ ಹಚ್ಚಿದರೆ ಉದ್ದದ ಸರಪಳಿ ಐದಾಗುತ್ತದೆ, ಅದು ಆಗಲೇ ಬರೆದ 3-ಮೀಥೈಲ್‌ಪೆಂಟೇನ್. ಮೂರರ ಸರಪಳಿಯಲ್ಲಿ ಶಾಖೆ ಹಿಡಿಯಬಲ್ಲದ್ದು ನಡುವಿನ ಒಂದೇ ಕಾರ್ಬನ್, ಅದಕ್ಕೂ ಎರಡೇ ಜಾಗ. ಮೂರು ಕಾರ್ಬನ್ ಹೊರಲು ಅದಕ್ಕೆ ಆಗದು. ಹೀಗೆ ಐದಕ್ಕೆ ಮುಗಿಯಿತು. ಮುಗಿಯಿತು ಎಂಬ ಖಾತ್ರಿಯೂ ಅದರ ಜೊತೆಗೇ ಸಿಕ್ಕಿತು. ಕೊನೆಗೆ ಹೈಡ್ರೋಜನ್ ತುಂಬಿ: ಒಂದು ನೆರೆಯ ಕಾರ್ಬನ್ ಇರುವುದಕ್ಕೆ ಮೂರು, ಎರಡಿದ್ದರೆ ಎರಡು, ಮೂರಿದ್ದರೆ ಒಂದು, ನಾಲ್ಕಿದ್ದರೆ ಸೊನ್ನೆ. ಒಟ್ಟು 14 ಬರದಿದ್ದರೆ ಎಲ್ಲೋ ಕಾರ್ಬನ್ನಿಗೆ ಐದು ಬಂಧ ಬಿದ್ದಿದೆ ಅಥವಾ ಮೂರೇ ಬಿದ್ದಿವೆ.

ಇದೇ ಕ್ರಮದಲ್ಲಿ ಸಿ₇ಎಚ್₁₆ಕ್ಕೆ ಒಂಬತ್ತು ಬರಬೇಕು. ಅಲ್ಲಿ ಈಥೈಲ್ ಶಾಖೆ ಮೊದಲ ಬಾರಿ ನಿಜವಾಗಿ ಬರುತ್ತದೆ (3-ಈಥೈಲ್‌ಪೆಂಟೇನ್). ಹೆಚ್ಚಿನವರು ಬಿಟ್ಟುಬಿಡುವುದು ಅದನ್ನೇ, ಇಲ್ಲವೇ 2,2,3-ಟ್ರೈಮೀಥೈಲ್‌ಬ್ಯುಟೇನನ್ನು. ಎಂಟು ಕಾರ್ಬನ್ನಿಗೆ 18, ಒಂಬತ್ತಕ್ಕೆ 35, ಹತ್ತಕ್ಕೆ 75, ಇಪ್ಪತ್ತಕ್ಕೆ 3,66,319. ಈ ಸಂಖ್ಯೆಗಳಿಗೆ ಬಾಯಿಪಾಠ ಮಾಡುವಂಥ ಸುಲಭ ಸೂತ್ರವಿಲ್ಲ. ಗಣಿತಜ್ಞ ಆರ್ಥರ್ ಕೇಲಿ 1870ರ ದಶಕದಲ್ಲಿ ಇದನ್ನೇ ಕವಲೊಡೆಯುವ ರೇಖಾಚಿತ್ರಗಳ ಎಣಿಕೆಯ ಸಮಸ್ಯೆಯಾಗಿ ಹಿಡಿದಿದ್ದರು. ಪರೀಕ್ಷೆಗೆ ಏಳು ಕಾರ್ಬನ್ನಿನವರೆಗೆ ಕೈಯಿಂದ ಬರೆದು ಪಳಗಿದರೆ ಸಾಕು.

ಸಿಇಟಿ ಅಭ್ಯಾಸದಲ್ಲಿ ‘ಸಿ₅ಎಚ್₁₂ಓ ಸೂತ್ರಕ್ಕೆ ಎಷ್ಟು ರಚನಾ ಸಮಾಂಗಿಗಳು’ ಎಂಬ ಪ್ರಶ್ನೆ ಇತ್ತು. ಎಲ್ಲವನ್ನೂ ಬರೆಯುವಷ್ಟರಲ್ಲಿ ಸಮಯ ಮುಗಿಯುತ್ತದೆ. ಬೇಗ ಎಣಿಸುವ ದಾರಿ ಇದೆಯೇ?
— ಬಸವಕಲ್ಯಾಣ

ಇದೆ, ಮತ್ತು ಅದು ಅಡ್ಡದಾರಿಯಲ್ಲ. ಆಲ್ಕೈಲ್ ಗುಂಪುಗಳು (ಆಲ್ಕೇನಿನಿಂದ ಒಂದು ಹೈಡ್ರೋಜನ್ ತೆಗೆದರೆ ಉಳಿಯುವ ತುಣುಕುಗಳು) ಎಷ್ಟು ಬಗೆ ಎಂಬುದನ್ನು ಒಮ್ಮೆ ಸರಿಯಾಗಿ ಬರೆದು ಅರ್ಥ ಮಾಡಿಕೊಳ್ಳಿ: ಮೀಥೈಲ್ 1, ಈಥೈಲ್ 1, ಪ್ರೊಪೈಲ್ 2, ಬ್ಯುಟೈಲ್ 4, ಪೆಂಟೈಲ್ 8, ಹೆಕ್ಸೈಲ್ 17. ಒಂದು ತುದಿಗೆ ಒಂದೇ ಗುಂಪು ಹಚ್ಚುವ ಸಂಯುಕ್ತವಾದರೆ ಈ ಸಂಖ್ಯೆಯೇ ಉತ್ತರ. ಹಾಗಾಗಿ ಸಿ₄ಎಚ್₉ಬಿಆರ್‌ಗೆ 4, ಸಿ₅ಎಚ್₁₁ಸಿಎಲ್‌ಗೆ 8, ಐದು ಕಾರ್ಬನ್ನಿನ ಪರ್ಯಾಪ್ತ ಆಲ್ಕೊಹಾಲಿಗೂ 8.

ಈಥರಿನಲ್ಲಿ ಆಕ್ಸಿಜನ್ನಿನ ಎರಡೂ ಕಡೆ ಗುಂಪುಗಳಿವೆ. ಐದು ಕಾರ್ಬನ್ನನ್ನು 1+4, 2+3 ಎಂದು ಒಡೆಯಿರಿ. ಮೀಥೈಲ್‌ ಜೊತೆ ಬ್ಯುಟೈಲ್ 1×4 = 4, ಈಥೈಲ್‌ ಜೊತೆ ಪ್ರೊಪೈಲ್ 1×2 = 2. ಒಟ್ಟು 6 ಈಥರ್. ಅಲ್ಲಿಗೆ 8+6 = 14. ಸಿ₄ಎಚ್₁₀ಓಗೆ ಇದೇ ಲೆಕ್ಕ: ಆಲ್ಕೊಹಾಲ್ 4, ಈಥರ್ 1+3ರಿಂದ 2, 2+2ರಿಂದ 1, ಒಟ್ಟು 7.

ಅಮೀನ್ ಇನ್ನೂ ಚೆನ್ನ. ಸಿ₄ಎಚ್₁₁ಎನ್: ಪ್ರಾಥಮಿಕ (ನೈಟ್ರೋಜನ್ನಿಗೆ ಒಂದು ಗುಂಪು) 4, ದ್ವಿತೀಯಕ (ಎರಡು ಗುಂಪು) 2+1 = 3, ತೃತೀಯಕ (ಮೀಥೈಲ್, ಮೀಥೈಲ್, ಈಥೈಲ್) 1. ಒಟ್ಟು 8. ಕೀಟೋನಿಗೆ ಈಥರಿನ ಲೆಕ್ಕವೇ, ಆದರೆ ಕಾರ್ಬೊನಿಲ್ ಕಾರ್ಬನ್ನನ್ನು ಮೊದಲು ಕಳೆಯಬೇಕು: ಸಿ₅ಎಚ್₁₀ಓದಲ್ಲಿ ಉಳಿದ ನಾಲ್ಕನ್ನು 1+3, 2+2 ಎಂದು ಒಡೆದರೆ 3 ಕೀಟೋನ್, ಬ್ಯುಟೈಲ್‌ಗೆ ಆಲ್ಡಿಹೈಡ್ ಗುಂಪು ಹಚ್ಚಿದರೆ 4 ಆಲ್ಡಿಹೈಡ್.

ಎಸ್ಟರಿನಲ್ಲಿ ಎಚ್ಚರ ಬೇಕು. ಈಥರಿನಲ್ಲಿ ಎಡಬಲ ಅದಲುಬದಲಾದರೆ ವಸ್ತು ಬದಲಾಗುವುದಿಲ್ಲ. ಎಸ್ಟರಿನ ಒಂದು ಕಡೆ ಕಾರ್ಬೊನಿಲ್ ಇದೆ, ಇನ್ನೊಂದು ಕಡೆ ಆಕ್ಸಿಜನ್. ಅದಲುಬದಲು ಮಾಡಿದರೆ ಬೇರೆಯದೇ ವಸ್ತು. ಸಿ₄ಎಚ್₈ಓ₂ಗೆ ಪ್ರೊಪೈಲ್ ಫಾರ್ಮೇಟ್ ಎರಡು ಬಗೆ, ಈಥೈಲ್ ಅಸಿಟೇಟ್, ಮೀಥೈಲ್ ಪ್ರೊಪಿಯೊನೇಟ್, ಹೀಗೆ 4 ಎಸ್ಟರ್. ಜೊತೆಗೆ 2 ಕಾರ್ಬಾಕ್ಸಿಲಿಕ್ ಆಮ್ಲ. ಇಲ್ಲಿ ಸಮಮಿತಿ ಇದೆಯೆಂದು ಭಾವಿಸಿ 3 ಎಂದು ಗುರುತು ಹಾಕುವವರು ಬಹಳ.

ಒಂದು ಮಾತು. ಬ್ಯುಟಾನ್-2-ಆಲ್‌ಗೆ ಎಡಗೈ-ಬಲಗೈ ರೂಪಗಳಿವೆ. ಪ್ರಶ್ನೆ ‘ರಚನಾ ಸಮಾಂಗಿ’ ಎಂದರೆ ಅವೆರಡನ್ನೂ ಒಂದೇ ಎಂದು ಎಣಿಸಿ. ‘ಸ್ಟೀರಿಯೊ ಸಮಾಂಗಿಗಳೂ ಸೇರಿ’ ಎಂದರೆ ಮಾತ್ರ ಎರಡು.

ಸೂತ್ರ ನೋಡಿದ ಕೂಡಲೇ ಅದರಲ್ಲಿ ಉಂಗುರ ಇದೆಯೋ ದ್ವಿಬಂಧ ಇದೆಯೋ ಎಂದು ನಮ್ಮ ಸರ್ ಹೇಳಿಬಿಡುತ್ತಾರೆ. ಹೇಗೆ?
— ಭಾಲ್ಕಿ

‘ಉಂಗುರ ಅಥವಾ ದ್ವಿಬಂಧ’ ಎಂದು ಹೇಳಬಹುದು. ಎರಡರಲ್ಲಿ ಯಾವುದು ಎಂದು ಸೂತ್ರವೊಂದರಿಂದಲೇ ಹೇಳಲಾಗದು. ಎನ್ (ಇಲ್ಲಿ ಕಾರ್ಬನ್ನುಗಳ ಸಂಖ್ಯೆ, ನೈಟ್ರೋಜನ್ ಅಲ್ಲ) ಕಾರ್ಬನ್ನುಗಳ ತೆರೆದ ಸರಪಳಿ, ಏಕಬಂಧಗಳಷ್ಟೇ ಇದ್ದರೆ ಗರಿಷ್ಠ 2ಎನ್+2 ಹೈಡ್ರೋಜನ್ ಹಿಡಿಯುತ್ತದೆ. ಒಂದು ದ್ವಿಬಂಧ ಎರಡು ಹೈಡ್ರೋಜನ್ ಕಳೆಯುತ್ತದೆ. ಸರಪಳಿಯ ಎರಡು ತುದಿ ಕೂಡಿಸಿ ಉಂಗುರ ಮಾಡಿದರೂ ಎರಡೇ ಕಳೆಯುತ್ತವೆ. ತ್ರಿಬಂಧ ನಾಲ್ಕು. ಆದ್ದರಿಂದ ಕೊರತೆಯನ್ನು ಎರಡರಿಂದ ಭಾಗಿಸಿ. ಆಕ್ಸಿಜನ್ ಮತ್ತು ಗಂಧಕವನ್ನು ಲೆಕ್ಕಕ್ಕೆ ಹಿಡಿಯಬೇಡಿ: ಅವಕ್ಕೆ ಎರಡು ಬಂಧ, ನಡುವೆ ನುಸುಳಿ ಕೂತರೂ ಹೈಡ್ರೋಜನ್ ಲೆಕ್ಕ ಕೆಡುವುದಿಲ್ಲ. ಕ್ಲೋರಿನ್, ಬ್ರೋಮಿನ್, ಅಯೋಡಿನ್‌ಗಳನ್ನು ಹೈಡ್ರೋಜನ್ ಎಂದೇ ಎಣಿಸಿ. ಪ್ರತಿ ನೈಟ್ರೋಜನ್ ಗರಿಷ್ಠ ಸಂಖ್ಯೆಗೆ ಒಂದು ಹೈಡ್ರೋಜನ್ ಕೂಡಿಸುತ್ತದೆ.

ಬೆಂಜೀನ್ ಸಿ₆ಎಚ್₆: ಗರಿಷ್ಠ 14, ಇರುವುದು 6, ಕೊರತೆ 8, ಭಾಗಿಸಿದರೆ 4. ಒಂದು ಉಂಗುರ, ಮೂರು ದ್ವಿಬಂಧ. ಸಿ₇ಎಚ್₈ಓಗೂ 4 ಬರುತ್ತದೆ. ಇಂಥ ಸೂತ್ರದಲ್ಲಿ 4 ಕಂಡ ತಕ್ಷಣ ಬೆಂಜೀನ್ ಉಂಗುರವನ್ನು ನೆನೆಯುವುದು ಒಳ್ಳೆಯ ಅಭ್ಯಾಸ. ಬೆಂಜೀನ್ ಉಂಗುರ ಇರುವ ಐದು ಸಿಗುತ್ತವೆ: ಮೂರು ಕ್ರೆಸಾಲ್‌ಗಳು, ಬೆಂಜೈಲ್ ಆಲ್ಕೊಹಾಲ್, ಅನಿಸೋಲ್. ಸಿ₃ಎಚ್₉ಎನ್: ಗರಿಷ್ಠ 8+1 = 9, ಕೊರತೆ ಸೊನ್ನೆ. ಇಲ್ಲಿ ನೈಟ್ರೋಜನ್ನಿಗೆ ಒಂದು ಕೂಡಿಸಲು ಮರೆತವರಿಗೆ ಋಣಸಂಖ್ಯೆಯ ಅರ್ಧ ಬರುತ್ತದೆ. ಉತ್ತರ ಅರ್ಧದಲ್ಲಿ ಅಥವಾ ಋಣದಲ್ಲಿ ಬಂದರೆ ಎಣಿಕೆ ತಪ್ಪಿದೆ, ಇಲ್ಲವೇ ಕೊಟ್ಟ ಸೂತ್ರವೇ ತಪ್ಪಿದೆ. ಸಿ₅ಎಚ್₁₁ಓ ಎಂಬ ಸೂತ್ರದ ಸ್ಥಿರ ಅಣು ಇರಲಾರದು.

ಉತ್ತರ 1 ಬಂದಾಗ ಉಂಗುರ ಮರೆಯುವುದೇ ದೊಡ್ಡ ತಪ್ಪು. ಸಿ₄ಎಚ್₈ ಎಂದರೆ ಬ್ಯುಟ್-1-ಈನ್, ಬ್ಯುಟ್-2-ಈನ್, 2-ಮೀಥೈಲ್‌ಪ್ರೊಪೀನ್ ಎಂದು ಮೂರಕ್ಕೆ ನಿಲ್ಲಿಸುತ್ತಾರೆ. ಸೈಕ್ಲೊಬ್ಯುಟೇನ್, ಮೀಥೈಲ್‌ಸೈಕ್ಲೊಪ್ರೊಪೇನ್ ಸೇರಿ ಐದು. ಸಿ₅ಎಚ್₁₀ಕ್ಕೆ ಆಲ್ಕೀನ್ ಐದು, ಉಂಗುರ ಐದು, ಒಟ್ಟು ಹತ್ತು. ಪ್ರಯೋಗಾಲಯದಲ್ಲಿ ಬೇರ್ಪಡಿಸಲು ತಣ್ಣಗಿನ ತೆಳು ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಸಿ. ಆಲ್ಕೀನ್ ಅದರ ನೇರಳೆ ಬಣ್ಣ ಕಳೆದು ಕಂದು ಗಸಿ ಕೊಡುತ್ತದೆ, ಉಂಗುರ ಕೊಡುವುದಿಲ್ಲ. ಬ್ರೋಮಿನ್ ಒಂದನ್ನೇ ನಂಬಬೇಡಿ: ಮೂರು ಕಾರ್ಬನ್ನಿನ ಉಂಗುರ ಬಿಗಿತದಿಂದಾಗಿ ಬ್ರೋಮಿನ್ ಜೊತೆಗೂ ಒಡೆಯಬಲ್ಲದು.

ದಹನ ವಿಶ್ಲೇಷಣೆಯ ಲೆಕ್ಕದಲ್ಲಿ ಆಕ್ಸಿಜನ್ ಪ್ರಮಾಣ ಪ್ರತಿಸಲ ಕೈಕೊಡುತ್ತದೆ. ಒಂದು ಲೆಕ್ಕ ಪೂರ್ತಿ ಬಿಡಿಸಿ ತೋರಿಸಿ.
— ಬಿ.ಎಸ್ಸಿ. ವಿದ್ಯಾರ್ಥಿ, ಕಲಬುರಗಿ

ಕಾರ್ಬನ್, ಹೈಡ್ರೋಜನ್, ಆಕ್ಸಿಜನ್ ಇರುವ 0.370 ಗ್ರಾಂ ವಸ್ತುವನ್ನು ಸುಟ್ಟಾಗ 0.880 ಗ್ರಾಂ ಕಾರ್ಬನ್ ಡೈಆಕ್ಸೈಡ್, 0.450 ಗ್ರಾಂ ನೀರು ಬಂತೆನ್ನಿ. ಕಾರ್ಬನ್ = 0.880×12÷44 = 0.240 ಗ್ರಾಂ. ಹೈಡ್ರೋಜನ್ = 0.450×2÷18 = 0.050 ಗ್ರಾಂ. ಆಕ್ಸಿಜನ್ನನ್ನು ನೇರವಾಗಿ ಅಳೆಯುವುದಿಲ್ಲ, ಏಕೆಂದರೆ ಉತ್ಪನ್ನಗಳಲ್ಲಿರುವ ಆಕ್ಸಿಜನ್ನಿನ ಬಹುಪಾಲು ಹೊರಗಿಂದ ಕೊಟ್ಟದ್ದು. ಅದು ಕಳೆದು ಉಳಿದದ್ದು: 0.370−0.290 = 0.080 ಗ್ರಾಂ. ಮೋಲ್‌ಗಳಲ್ಲಿ 0.020, 0.050, 0.005. ಅನುಪಾತ 4:10:1. ಎಂಪಿರಿಕಲ್ ಸೂತ್ರ (ಪರಮಾಣುಗಳ ಅತಿ ಸರಳ ಅನುಪಾತ) ಸಿ₄ಎಚ್₁₀ಓ, ರಾಶಿ 74. ಆವಿಸಾಂದ್ರತೆ (ಹೈಡ್ರೋಜನ್ ಅನಿಲಕ್ಕೆ ಹೋಲಿಸಿದ ಸಾಂದ್ರತೆ) 37 ಎಂದು ಕೊಟ್ಟಿದ್ದರೆ ಅಣುರಾಶಿ ಅದರ ಎರಡರಷ್ಟು, 74. ಹಾಗಾಗಿ ಅಣುಸೂತ್ರವೂ ಅದೇ.

ಆಕ್ಸಿಜನ್ ಕೈಕೊಡುವುದು ಅದು ಉಳಿಕೆ ಆಗಿರುವುದರಿಂದ. ಉಳಿದೆರಡರ ತಪ್ಪೆಲ್ಲ ಅದರ ತಲೆಯ ಮೇಲೆ ಬೀಳುತ್ತದೆ. ಮೇಲಿನ ಲೆಕ್ಕದಲ್ಲಿ ಕೊಳವೆಯ ಜೋಡಣೆ ಸಡಿಲವಾಗಿ ಕಾರ್ಬನ್ ಡೈಆಕ್ಸೈಡ್ 0.858 ಗ್ರಾಂ ಮಾತ್ರ ಸಿಕ್ಕಿತೆನ್ನಿ, ಅಂದರೆ ನೂರಕ್ಕೆ ಎರಡೂವರೆ ಕಡಿಮೆ. ಕಾರ್ಬನ್ 0.234 ಆಗುತ್ತದೆ, ಆಕ್ಸಿಜನ್ 0.086ಕ್ಕೆ ಏರುತ್ತದೆ. ಅನುಪಾತ 3.63 : 9.30 : 1. ಇದನ್ನು ಯಾವ ಪೂರ್ಣಾಂಕಕ್ಕೆ ಎಳೆಯುತ್ತೀರಿ? ಇಂಥ ಹೊತ್ತಿನಲ್ಲಿ ಅಂಕಿಗಳನ್ನು ಬಲವಂತವಾಗಿ ಪೂರ್ಣಗೊಳಿಸದೆ ಪ್ರಯೋಗವನ್ನೇ ಮತ್ತೆ ಮಾಡಬೇಕು. ಹಾಗೆಯೇ 1.33 ಬಂದರೆ 1 ಎನ್ನಬೇಡಿ, ಎಲ್ಲವನ್ನೂ 3ರಿಂದ ಗುಣಿಸಿ, 1.5 ಬಂದರೆ 2ರಿಂದ.

ಉಪಕರಣದಲ್ಲಿ ಹೆಚ್ಚು ಕಾಣುವ ತಪ್ಪು ಕೊಳವೆಗಳ ಕ್ರಮ. ಮೊದಲು ನೀರು ಹೀರುವ ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್, ಆಮೇಲೆ ಕಾರ್ಬನ್ ಡೈಆಕ್ಸೈಡ್ ಹೀರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್. ತಿರುವುಮುರುವು ಮಾಡಿದರೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ನೀರನ್ನೂ ಹೀರಿಬಿಡುತ್ತದೆ. ಆಗ ಕಾರ್ಬನ್ ಹೆಚ್ಚಾಗಿ, ಹೈಡ್ರೋಜನ್ ಕಡಿಮೆಯಾಗಿ ತೋರುತ್ತದೆ.

ಎಂಪಿರಿಕಲ್ ಸೂತ್ರಕ್ಕೇ ನಿಲ್ಲುವುದೂ ತಪ್ಪು. ಸಿಎಚ್₂ಓ ಎಂಬ ಅನುಪಾತ ಫಾರ್ಮಾಲ್ಡಿಹೈಡ್ (30), ಅಸಿಟಿಕ್ ಆಮ್ಲ (60), ಗ್ಲುಕೋಸ್ (180) ಮೂರಕ್ಕೂ ಸಲ್ಲುತ್ತದೆ. ಅವು ಸಮಾಂಗಿಗಳಲ್ಲ, ಅಣುಸೂತ್ರವೇ ಬೇರೆ. ಅಸಿಟಿಕ್ ಆಮ್ಲ ಮತ್ತು ಮೀಥೈಲ್ ಫಾರ್ಮೇಟ್ ಎರಡೂ ಸಿ₂ಎಚ್₄ಓ₂, ಅವು ಸಮಾಂಗಿಗಳು.

ನಾಲ್ಕು ಬ್ಯುಟೈಲ್ ಆಲ್ಕೊಹಾಲ್‌ಗಳನ್ನು ಲೂಕಾಸ್ ಪರೀಕ್ಷೆಯಿಂದ ಗುರುತಿಸಲು ಕೊಡುತ್ತೇವೆ. ಡಿಸೆಂಬರಿನಲ್ಲಿ ಸರಿಯಾಗಿ ಬರುವ ಪರೀಕ್ಷೆ ಏಪ್ರಿಲ್, ಮೇ ತಿಂಗಳಲ್ಲಿ ಗೊಂದಲ ಮಾಡುತ್ತದೆ. ಒಂದು ಬಾಟಲಿ ಚಳಿಗಾಲದಲ್ಲಿ ಗಟ್ಟಿಯಾಗಿಯೂ ಹೋಗಿತ್ತು. ಮಾಲು ಕೆಟ್ಟಿದೆಯೇ?
— ಉಪನ್ಯಾಸಕರು, ಸೇಡಂ

ಮಾಲು ಕೆಟ್ಟಿಲ್ಲ. ಗಟ್ಟಿಯಾದದ್ದು 2-ಮೀಥೈಲ್‌ಪ್ರೊಪಾನ್-2-ಆಲ್, ಅಂದರೆ ಟರ್ಷಿಯರಿ ಬ್ಯುಟೈಲ್ ಆಲ್ಕೊಹಾಲ್. ಅದರ ಕರಗುಬಿಂದು ಸುಮಾರು 25.5 ಡಿಗ್ರಿ. ನಿಮ್ಮ ಕಡೆ ಬೇಸಿಗೆಯಲ್ಲಿ ದ್ರವ, ಚಳಿಗಾಲದ ಮುಂಜಾನೆ ಹರಳು. ಬಾಟಲಿಯನ್ನು ಉಗುರುಬೆಚ್ಚನೆಯ ನೀರಿನಲ್ಲಿಟ್ಟರೆ ಕರಗುತ್ತದೆ. ಬರ್ನರ್ ಹತ್ತಿರ ಒಯ್ಯಬೇಡಿ. ಬೇಗ ಗಟ್ಟಿಯಾಗುವುದು ಅದರ ಶುದ್ಧತೆಯ ಗುರುತೂ ಹೌದು. ನೀರು ಬೆರೆತಿದ್ದರೆ ಕರಗುಬಿಂದು ಇಳಿದು ಚಳಿಯಲ್ಲೂ ದ್ರವವಾಗಿಯೇ ಉಳಿಯುತ್ತದೆ.

ಈಗ ಲೂಕಾಸ್. ಆಲ್ಕೊಹಾಲ್ ಪ್ರಾಥಮಿಕವೋ ದ್ವಿತೀಯಕವೋ ತೃತೀಯಕವೋ (ಹೈಡ್ರಾಕ್ಸಿಲ್ ಹೊತ್ತ ಕಾರ್ಬನ್ನಿಗೆ ಒಂದು, ಎರಡು ಅಥವಾ ಮೂರು ನೆರೆಯ ಕಾರ್ಬನ್) ಎಂದು ಮಸುಕಾಗುವ ವೇಗದಿಂದ ಗುರುತಿಸುವ ಪರೀಕ್ಷೆ ಇದು. ಈ ಪರೀಕ್ಷೆಯ ‘ಐದು ನಿಮಿಷ’ ಎಂಬ ಮಾತು 26–27 ಡಿಗ್ರಿಗೆ ಹೇಳಿದ್ದು. ಏಪ್ರಿಲ್, ಮೇನಲ್ಲಿ ಕಲಬುರಗಿ ಸೀಮೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಕೋಣೆಯ ಒಳಗೂ ಕ್ರಿಯೆ ಚುರುಕಾಗುತ್ತದೆ. ದ್ವಿತೀಯಕ ಆಲ್ಕೊಹಾಲ್ ತೃತೀಯಕದ ಹಾಗೆ ಬೇಗ ಮಸುಕಾಗುತ್ತದೆ. ಪರೀಕ್ಷಾ ನಳಿಕೆಗಳು, ಲೂಕಾಸ್ ಕಾರಕ ಎರಡನ್ನೂ ಮೊದಲೇ 27 ಡಿಗ್ರಿ ನೀರಿನ ಬೀಕರಿನಲ್ಲಿ ಹತ್ತು ನಿಮಿಷ ಇಡಿ. ಮಣ್ಣಿನ ಹರವಿಯ ನೀರು ಬೆರೆಸಿದರೆ ಆ ತಾಪ ಸುಲಭವಾಗಿ ಸಿಗುತ್ತದೆ, ಥರ್ಮಾಮೀಟರಿನಿಂದ ನೋಡಿಕೊಳ್ಳಿ.

ಕಾರಕ ಮಾಡುವ ಪ್ರಮಾಣ: 136 ಗ್ರಾಂ ನಿರ್ಜಲ ಸತು ಕ್ಲೋರೈಡಿಗೆ 105 ಗ್ರಾಂ ಗಾಢ ಹೈಡ್ರೋಕ್ಲೋರಿಕ್ ಆಮ್ಲ. ಒಂದು ತರಗತಿಗೆ ಇದರ ಹತ್ತನೇ ಒಂದು ಭಾಗ ಸಾಕು: 13.6 ಗ್ರಾಂ ಸತು ಕ್ಲೋರೈಡ್, 10.5 ಗ್ರಾಂ ಆಮ್ಲ (ಸುಮಾರು 9 ಮಿಲಿಲೀಟರ್). ಕರಗುವಾಗ ಬಹಳ ಬಿಸಿಯಾಗುತ್ತದೆ, ಮಂಜುಗಡ್ಡೆಯಲ್ಲಿಟ್ಟು ಫ್ಯೂಮ್ ಹುಡ್ ಒಳಗೆ ಮಾಡಿ. ಸತು ಕ್ಲೋರೈಡ್ ಗಾಳಿಯ ತೇವ ಹೀರುತ್ತದೆ. ಡಬ್ಬಿಯಲ್ಲಿ ಉಂಡೆಗಟ್ಟಿದ್ದರೆ ಪಿಂಗಾಣಿ ಬಟ್ಟಲಿನಲ್ಲಿ ಕರಗುವವರೆಗೆ ಕಾಯಿಸಿ, ಡೆಸಿಕೇಟರಿನಲ್ಲಿ ಆರಿಸಿ ಬಳಸಬೇಕು. ನೀರು ಸೇರಿದ ಕಾರಕದಲ್ಲಿ ತೃತೀಯಕವೂ ಸೋಮಾರಿಯಾಗುತ್ತದೆ. ಪರೀಕ್ಷೆಗೆ ಅರ್ಧ ಮಿಲಿಲೀಟರ್ ಆಲ್ಕೊಹಾಲ್, ಮೂರು ಮಿಲಿಲೀಟರ್ ಕಾರಕ. ಬಿರಡೆ ಹಾಕಿ ಕುಲುಕಿ ಸುಮ್ಮನೆ ಬಿಡಿ. ತೃತೀಯಕ ಕೂಡಲೇ ಮಸುಕಾಗಿ ಪದರವಾಗುತ್ತದೆ, ದ್ವಿತೀಯಕ ಸುಮಾರು ಐದು ನಿಮಿಷಕ್ಕೆ, ಪ್ರಾಥಮಿಕ ಕೋಣೆಯ ತಾಪದಲ್ಲಿ ತಿಳಿಯಾಗಿಯೇ ಉಳಿಯುತ್ತದೆ. ಮಸುಕು ಎಂದರೆ ನೀರಿನಲ್ಲಿ ಕರಗದ ಆಲ್ಕೈಲ್ ಕ್ಲೋರೈಡ್. ಹಾಗಾಗಿ ಮೂಲ ಆಲ್ಕೊಹಾಲ್ ಕಾರಕದಲ್ಲಿ ಕರಗಿದ್ದರೆ ಮಾತ್ರ ಪರೀಕ್ಷೆಗೆ ಅರ್ಥ. ಆರು ಕಾರ್ಬನ್ನಿಗಿಂತ ದೊಡ್ಡ ಆಲ್ಕೊಹಾಲಿಗೆ ಇದನ್ನು ಬಳಸಬೇಡಿ. ಬೆಂಜೈಲ್ ಮತ್ತು ಅಲೈಲ್ ಆಲ್ಕೊಹಾಲ್‌ಗಳು ಪ್ರಾಥಮಿಕವಾದರೂ ಬೇಗ ಮಸುಕಾಗುತ್ತವೆ, ಅವುಗಳ ಕಾರ್ಬೊಕ್ಯಾಟಯಾನ್ ಸ್ಥಿರವಾಗಿರುವುದೇ ಕಾರಣ.

ಬ್ಯುಟಾನ್-2-ಆಲ್ ಅನ್ನು ಅಯೋಡೊಫಾರ್ಮ್ ಪರೀಕ್ಷೆಯಿಂದ ಖಾತ್ರಿ ಮಾಡಿಕೊಳ್ಳಿ. ಐದಾರು ಹನಿ ಆಲ್ಕೊಹಾಲ್, ಎರಡು ಮಿಲಿಲೀಟರ್ ನೀರು, ಒಂದು ಮಿಲಿಲೀಟರ್ ಶೇ 10ರ ಸೋಡಿಯಂ ಹೈಡ್ರಾಕ್ಸೈಡ್. ಇದಕ್ಕೆ ಪೊಟ್ಯಾಸಿಯಂ ಅಯೋಡೈಡ್‌ನಲ್ಲಿ ಕರಗಿಸಿದ ಅಯೋಡಿನ್ನನ್ನು ಕಂದು ಬಣ್ಣ ಉಳಿಯುವವರೆಗೆ ಹನಿಹನಿಯಾಗಿ ಹಾಕಿ, 60 ಡಿಗ್ರಿ ನೀರಿನಲ್ಲಿ ಎರಡು ನಿಮಿಷ ಇಡಿ. ಹಳದಿ ಗಸಿ ಬಂದರೆ ಅದೇ. ಉಳಿದ ಮೂರೂ ಇದನ್ನು ಕೊಡುವುದಿಲ್ಲ. ಆದರೆ ನಳಿಕೆಯನ್ನು ಅಸಿಟೋನ್ ಅಥವಾ ಎಥನಾಲಿನಿಂದ ತೊಳೆದು ಒಣಗಿಸದೆ ಬಳಸಿದರೆ ಎಲ್ಲದರಲ್ಲೂ ಹಳದಿ ಬರುತ್ತದೆ, ಏಕೆಂದರೆ ಆ ಎರಡೂ ಅಯೋಡೊಫಾರ್ಮ್ ಕೊಡುತ್ತವೆ.

ಉಳಿದ ಎರಡು ಪ್ರಾಥಮಿಕಗಳನ್ನು, ಅಂದರೆ ಬ್ಯುಟಾನ್-1-ಆಲ್ ಮತ್ತು 2-ಮೀಥೈಲ್‌ಪ್ರೊಪಾನ್-1-ಆಲ್ ಅನ್ನು, ಈ ಪರೀಕ್ಷೆಗಳು ಬೇರ್ಪಡಿಸುವುದಿಲ್ಲ. ಅಲ್ಲಿ ಕುದಿಬಿಂದುವೇ ದಾರಿ: 117.7 ಮತ್ತು 108 ಡಿಗ್ರಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ 600 ಮೀಟರಿಗೂ ಮೇಲೆ. ಹಾಗಾಗಿ ನಿಮ್ಮ ಓದು ಪುಸ್ತಕಕ್ಕಿಂತ ಒಂದೆರಡು ಡಿಗ್ರಿ ಕಡಿಮೆ ಬಂದರೆ ಗಾಬರಿ ಬೇಡ. ಮೊದಲು ಅದೇ ಥರ್ಮಾಮೀಟರಿನಲ್ಲಿ ಬಟ್ಟಿ ಇಳಿಸಿದ ನೀರಿನ ಕುದಿಬಿಂದು ನೋಡಿ, ಕೊರತೆ ಎಷ್ಟೆಂದು ಗುರುತು ಮಾಡಿಕೊಳ್ಳಿ.

ಇದೇ ಸೂತ್ರದ ಈಥರ್ ಕೂಡ ಕೊಡುವುದಾದರೆ ಸೋಡಿಯಂ ತುಣುಕು ಹಾಕಿ: ಆಲ್ಕೊಹಾಲ್ ಹೈಡ್ರೋಜನ್ ಗುಳ್ಳೆ ಬಿಡುತ್ತದೆ, ಈಥರ್ ಬಿಡುವುದಿಲ್ಲ. ಈಥರಿನಲ್ಲಿ ತೇವ ಇದ್ದರೆ ಅದೂ ಗುಳ್ಳೆ ಬಿಟ್ಟು ಮೋಸ ಮಾಡುತ್ತದೆ, ಮೊದಲು ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡಿನಿಂದ ಒಣಗಿಸಬೇಕು. ಆಲ್ಕೊಹಾಲನ್ನು ಒಣಗಿಸಲು ಮಾತ್ರ ಕ್ಯಾಲ್ಸಿಯಂ ಕ್ಲೋರೈಡ್ ಬಳಸಬೇಡಿ, ಎರಡೂ ಕೂಡಿಕೊಳ್ಳುತ್ತವೆ; ನಿರ್ಜಲ ಪೊಟ್ಯಾಸಿಯಂ ಕಾರ್ಬೊನೇಟ್ ಬಳಸಿ. ಉಳಿದ ಸೋಡಿಯಂ ಚೂರನ್ನು ಸಿಂಕಿಗೆ ಎಸೆಯದೆ ಪ್ರೊಪಾನ್-2-ಆಲ್‌ನಲ್ಲಿ ನಿಧಾನವಾಗಿ ಕರಗಿಸಿ.

ಡೈಈಥೈಲ್ ಈಥರ್ ಕುದಿಯುವುದು 34.6 ಡಿಗ್ರಿಗೆ. ನಿಮ್ಮ ಬೇಸಿಗೆಯ ಕೋಣೆಯಲ್ಲಿ ಬಾಟಲಿಯ ಒಳಗೇ ಅದು ಕುದಿಬಿಂದು ದಾಟಿ ಒತ್ತಡ ಕಟ್ಟಿಕೊಂಡಿರುತ್ತದೆ. ಮುಚ್ಚಳ ತೆಗೆದರೆ ಮುಖಕ್ಕೆ ಚಿಮ್ಮುತ್ತದೆ. ಅದರ ಆವಿ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಮೇಜಿನ ಮೇಲೆ ಹರಿದುಹೋಗಿ ದೂರದ ಬರ್ನರಿನಿಂದಲೂ ಹೊತ್ತಿಕೊಳ್ಳುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ಈ ಪ್ರಯೋಗ ಇಟ್ಟುಕೊಳ್ಳದಿರುವುದೇ ಲೇಸು ಎಂಬುದು ನಮ್ಮ ಖಚಿತ ಅಭಿಪ್ರಾಯ. ಗಾಳಿಯೊಡನೆ ಸೇರಿ ಪೆರಾಕ್ಸೈಡ್ ಕಟ್ಟಿರಬಹುದಾದ ಹಳೆಯ ಬಾಟಲಿಯನ್ನಂತೂ ಯಾವ ಋತುವಿನಲ್ಲೂ ತೆರೆಯಬೇಡಿ.

ಮನೆಯ ಗ್ಯಾಸ್ ಸಿಲಿಂಡರಿನಲ್ಲಿರುವುದು ಯಾವ ಬ್ಯುಟೇನ್?
— ಹುಮನಾಬಾದ್

ಎರಡೂ ಇರಬಹುದು. ಎಲ್‌ಪಿಜಿ ಎಂದರೆ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ನೇರ ಬ್ಯುಟೇನ್ −0.5 ಡಿಗ್ರಿಗೆ ಕುದಿಯುತ್ತದೆ, ಐಸೊಬ್ಯುಟೇನ್ −11.7ಕ್ಕೆ. ಶಾಖೆಯೊಡೆದ ಅಣು ದುಂಡಗಾಗುತ್ತದೆ, ಅಕ್ಕಪಕ್ಕದ ಅಣುಗಳು ತಾಗುವ ಮೇಲ್ಮೈ ಕಡಿಮೆಯಾಗುತ್ತದೆ, ಆಕರ್ಷಣೆ ಸಡಿಲವಾಗುತ್ತದೆ. ಪೆಟ್ರೋಲಿನಲ್ಲೂ ಶಾಖೆಯ ಗುಣ ಕಾಣುತ್ತದೆ. ಆಕ್ಟೇನ್ ಸಂಖ್ಯೆಯಲ್ಲಿ 100 ಎಂದು ಹಿಡಿದದ್ದು 2,2,4-ಟ್ರೈಮೀಥೈಲ್‌ಪೆಂಟೇನನ್ನು, ಸೊನ್ನೆ ಎಂದು ಹಿಡಿದದ್ದು ನೇರ ಹೆಪ್ಟೇನನ್ನು. ನೇರ ಸರಪಳಿ ಎಂಜಿನ್ನಿನಲ್ಲಿ ಹೊತ್ತಿಗೆ ಮುಂಚೆ ಸಿಡಿದು ಬಡಿತ ಉಂಟುಮಾಡುತ್ತದೆ.

ಗ್ಲುಕೋಸ್ ಆಲ್ಡಿಹೈಡ್, ಫ್ರುಕ್ಟೋಸ್ ಕೀಟೋನ್ ಅಂತ ಓದೀವಿ. ಆದ್ರ ಫೆಹ್ಲಿಂಗ್ ಪರೀಕ್ಷೆಯೊಳಗ ಎರಡೂ ಕೆಂಪು ಗಸಿ ಕೊಟ್ಟಾವ. ಹ್ಯಾಂಗ?
— ಆಳಂದ

ಎರಡೂ ಸಿ₆ಎಚ್₁₂ಓ₆, ಕ್ರಿಯಾ ಗುಂಪಿನ ಸಮಾಂಗಿಗಳು. ಫೆಹ್ಲಿಂಗ್ ಎಂದರೆ ಆಲ್ಡಿಹೈಡನ್ನು ಗುರುತಿಸುವ ತಾಮ್ರದ ದ್ರಾವಣ; ಸಾಮಾನ್ಯ ಕೀಟೋನ್ ಅದರಲ್ಲಿ ಕೆಂಪು ಗಸಿ ಕೊಡುವುದಿಲ್ಲ, ನಿಜ. ಆದರೆ ಫೆಹ್ಲಿಂಗ್ ದ್ರಾವಣ ಪ್ರತ್ಯಾಮ್ಲೀಯ. ಅದರಲ್ಲಿ ಫ್ರುಕ್ಟೋಸ್ ತನ್ನ ಪಕ್ಕದ ಹೈಡ್ರಾಕ್ಸಿಲ್ ಮೂಲಕ ಗ್ಲುಕೋಸ್, ಮ್ಯಾನೋಸ್‌ಗಳಾಗಿ ಬದಲಾಗುತ್ತದೆ. ನೀವು ಕಂಡ ಕೆಂಪು ಸರಿಯಾದ ಫಲಿತಾಂಶವೇ. ಬೇರ್ಪಡಿಸಲು ಸೆಲಿವನಾಫ್ ಪರೀಕ್ಷೆ ಮಾಡಿ: ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರೆಸಾರ್ಸಿನಾಲ್ ಹಾಕಿ ಕುದಿನೀರಿನಲ್ಲಿಟ್ಟರೆ ಫ್ರುಕ್ಟೋಸ್ ಬೇಗ ಗಾಢ ಕೆಂಪಾಗುತ್ತದೆ. ಹೆಚ್ಚು ಹೊತ್ತು ಕಾಯಿಸಿದರೆ ಗ್ಲುಕೋಸೂ ನಸುಗೆಂಪಾಗುತ್ತದೆ, ಗಡಿಯಾರ ನೋಡುತ್ತಿರಿ. ಕಬ್ಬಿನ ಸಕ್ಕರೆ (ಸಿ₁₂ಎಚ್₂₂ಓ₁₁) ಫೆಹ್ಲಿಂಗ್ ಕೊಡುವುದಿಲ್ಲ. ಅದೇ ಸೂತ್ರದ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಕೊಡುತ್ತದೆ. ಕಬ್ಬಿನ ಸಕ್ಕರೆಯಲ್ಲಿ ಎರಡೂ ಘಟಕಗಳ ಕ್ರಿಯಾಶೀಲ ಕಾರ್ಬನ್ನುಗಳು ಪರಸ್ಪರ ಬಂಧದಲ್ಲೇ ಸಿಕ್ಕಿಕೊಂಡಿವೆ, ಲ್ಯಾಕ್ಟೋಸಿನಲ್ಲಿ ಒಂದು ಬಿಡುವಾಗಿದೆ.

ಸಮಾಂಗತೆಯನ್ನು ಮೊದಲು ಕಂಡವರು ಯಾರು? ಹೊಲಕ್ಕೆ ಹಾಕುವ ಯೂರಿಯಾಕ್ಕೂ ಇದಕ್ಕೂ ಸಂಬಂಧ ಇದೆ ಎಂದು ಕೇಳಿದ್ದೇವೆ.
— ಸುರಪುರ

ಇದೆ. 1820ರ ದಶಕದಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞರಾದ ಫ್ರೆಡ್ರಿಕ್ ವೊಹ್ಲರ್ ಸಿಲ್ವರ್ ಸಯನೇಟನ್ನೂ ಯುಸ್ಟಸ್ ಲೀಬಿಗ್ ಸಿಲ್ವರ್ ಫಲ್ಮಿನೇಟನ್ನೂ ವಿಶ್ಲೇಷಿಸಿದರು. ಎರಡರಲ್ಲೂ ಬೆಳ್ಳಿ ನೂರಕ್ಕೆ ಸುಮಾರು 72 ಪಾಲು, ಉಳಿದ ಧಾತುಗಳೂ ಅಷ್ಟಷ್ಟೇ. ಆದರೆ ಒಂದು ತಣ್ಣಗಿರುವ ಲವಣ, ಇನ್ನೊಂದು ಮುಟ್ಟಿದರೆ ಸಿಡಿಯುತ್ತದೆ. 1828ರಲ್ಲಿ ವೊಹ್ಲರ್ ಅಮೋನಿಯಂ ಸಯನೇಟ್ ಮಾಡಲು ಹೋದಾಗ ಸಿಕ್ಕಿದ್ದು ಯೂರಿಯಾ, ಎರಡೂ ಸಿಎಚ್₄ಎನ್₂ಓ. ಸಮಾಂಗತೆಗೆ ‘ಐಸೊಮೆರಿಸಂ’ ಎಂದು 1830ರಲ್ಲಿ ಹೆಸರಿಟ್ಟವರು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್. ಅಮೋನಿಯಂ ಸಯನೇಟ್ ಅಯಾನುಗಳ ಲವಣ. ಯೂರಿಯಾ ಸಹವೇಲೆನ್ಸಿಯ ಅಣು, ಒಂದು ಕಾರ್ಬೊನಿಲ್‌ಗೆ ಎರಡು ಅಮೀನೊ ಗುಂಪು.

ಹೊಲದ ಯೂರಿಯಾದಿಂದಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಅರ್ಧ ಗ್ರಾಂ ಯೂರಿಯಾವನ್ನು ಒಣ ನಳಿಕೆಯಲ್ಲಿ ಮೆಲ್ಲನೆ ಕಾಯಿಸಿ. ಸುಮಾರು 133 ಡಿಗ್ರಿಗೆ ಕರಗುತ್ತದೆ, ಇನ್ನೂ ಕಾಯಿಸಿದರೆ ಅಮೋನಿಯಾ ವಾಸನೆ ಬಂದು ಮತ್ತೆ ಬಿಳಿಯಾಗಿ ಗಟ್ಟಿಯಾಗುತ್ತದೆ. ಎರಡು ಯೂರಿಯಾ ಅಣು ಕೂಡಿ ಒಂದು ಅಮೋನಿಯಾ ಬಿಟ್ಟು ಬೈಯುರೆಟ್ ಆಗಿದೆ. ಆರಿದ ಮೇಲೆ ನೀರು, ಸೋಡಿಯಂ ಹೈಡ್ರಾಕ್ಸೈಡ್, ಒಂದೆರಡು ಹನಿ ತೆಳು ಮೈಲುತುತ್ತ ಹಾಕಿದರೆ ನೇರಳೆ ಬಣ್ಣ ಬರುತ್ತದೆ. ಮೈಲುತುತ್ತ ಹೆಚ್ಚಾದರೆ ಅದರ ನೀಲಿ ಗಸಿಯಲ್ಲಿ ನೇರಳೆ ಮುಚ್ಚಿಹೋಗುತ್ತದೆ. ಗೊಬ್ಬರದ ಯೂರಿಯಾದಲ್ಲಿ ಬೈಯುರೆಟ್ ಶೇ 1.5 ಮೀರಬಾರದು ಎಂದು ನಿಯಮವಿದೆ. ಎಲೆಗೆ ಸಿಂಪಡಿಸುವ ದ್ರಾವಣದಲ್ಲಿ ಅದು ಹೆಚ್ಚಾದರೆ ಎಲೆಯ ತುದಿ ಹಳದಿಯಾಗಿ ಸುಟ್ಟಂತಾಗುತ್ತದೆ.